ಆರನೇ ರೂಮಿನ ಹೆಸರು

ಗುಂಡ್ಲುಪೇಟೆ
11 ಫೆಬ್ರವರಿ 2025

ಶ್ಯಾಮಳಾ,

ತಲುಪಿದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಮುತ್ತಂಗ ಕಾಡಿನಲ್ಲಿ ಎರಡು ಜಿಂಕೆ ಬಿಟ್ಟರೆ ಏನೂ ಕಾಣಲಿಲ್ಲ. ನನ್ನ ತಂಗಿ ಚಾಮುಂಡಮ್ಮ ಸೊಂಟದ ಮೂಳೆ ಮುರಿದುಕೊಂಡು ಮಂಚದ ಮೇಲಿದ್ದಾಳೆ. ಬಾಯಿ ಮಾತ್ರ ಮುರಿದಿಲ್ಲ. ಅವಳು ಆಡುತ್ತಲೇ ಇರುತ್ತಾಳೆ, ನನಗೆ ಕೇಳುವುದಿಲ್ಲ, ಇಬ್ಬರಿಗೂ ಸುಖ.

ಫೋನ್ ಮಾಡಬೇಡ. ಇಪ್ಪತ್ತಾರು ವರ್ಷ ಕಾಫಿ ಸಿಪ್ಪೆ ಸುಲಿಯುವ ಆ ಮಿಷನ್ನಿನ ಪಕ್ಕ ಕೂತು ಬೀಜ ಆರಿಸಿದ ಕಿವಿ ಇದು, ಫೋನಿನಲ್ಲಿ ಗುಂಯ್ ಅನ್ನುವುದು ಬಿಟ್ಟರೆ ಏನೂ ಹಿಡಿಯುವುದಿಲ್ಲ. ಎದುರಿಗಿದ್ದರೆ ಬಾಯಿ ನೋಡಿ ತಿಳಿದುಕೊಳ್ಳುತ್ತೇನೆ. ಆ ಗದ್ದಲದಲ್ಲಿ ನಾವೆಲ್ಲ ಹಾಗೇ ತಾನೇ ಮಾತಾಡಿದ್ದು. ಕಾಗದ ಬರಿ. ನೀನು ಮರಕ್ಕಡವಿನಿಂದ ತೋಣಿಯಲ್ಲಿ ಹೊಳೆ ದಾಟಿ ಬೈರಕುಪ್ಪೆಯ ಶಾಲೆಗೆ ಹೋಗಿ ಏಳನೇ ಕ್ಲಾಸು ಕಲಿತವಳು, ಅಕ್ಷರ ಚೆನ್ನಾಗಿದೆ. ನನ್ನದು ನಾಲ್ಕನೇ ಕ್ಲಾಸಿನ ಕೈಬರಹ, ಸಹಿಸಿಕೋ.

ಈಗ ಮುಖ್ಯ ವಿಷಯ. ಅಜಿತಪ್ರಸಾದ ಗೌಡರು ಕ್ಯೂರಿಂಗ್ ವರ್ಕ್ಸ್ ಮಾರುವಾಗ ಆ ದೊಡ್ಡ ಅಂಗಡಿಯ ಕಂಪನಿಯಿಂದ ಒಂದು ಮಾತು ತೆಗೆದುಕೊಂಡಿದ್ದಾರಲ್ಲ, ಕೂಲಿಯವರ ಪಾಡಿಯ ಸಾಲಿನ ಒಂಬತ್ತು ರೂಮಿಗೂ ಒಬ್ಬೊಬ್ಬರಿಗೆ ಅಂಗಡಿಯಲ್ಲಿ ಕೆಲಸ ಅಂತ. ರೂಮು ಯಾರ ಹೆಸರಿನಲ್ಲಿದೆಯೋ ಅವರಿಗೆ. ಆರನೇ ರೂಮು ನನ್ನ ಹೆಸರಿನಲ್ಲಿದೆ. ಅರವತ್ತಾಗುವವರೆಗೆ ಇಟ್ಟುಕೊಳ್ಳುತ್ತಾರಂತೆ. ಕಾರ್ಡಿನ ಪ್ರಕಾರ ನನಗೆ 2027ರ ಮೇ ತಿಂಗಳಿಗೆ ಅರವತ್ತು. ಅಷ್ಟು ಸಾಕು. ಈ ಕಿವಿ ನೋಡಿದ ಮೇಲೆ ಬೇರೆ ಯಾರೂ ಕೆಲಸ ಕೊಡುವುದಿಲ್ಲ, ಗೌಡರು ನನ್ನ ವಿಷಯ ಮೊದಲೇ ಹೇಳಿಟ್ಟಿದ್ದಾರೆ.

ಆದ್ದರಿಂದ ಕೆಲಸದವರ ಹೆಸರಿನ ಪಟ್ಟಿ ಬಂದ ದಿನ ಕಾಗದಕ್ಕೆ ಕಾಯಬೇಡ. ಪಕ್ಕದ ಮನೆಯಲ್ಲಿ ಸಿದ್ದೇಶ ಅಂತ ಚೆಂಡುಹೂವಿನ ವ್ಯಾಪಾರಿ ಇದ್ದಾನೆ, ಅವನ ನಂಬರ್ ಕೆಳಗೆ ಬರೆದಿದ್ದೇನೆ. ಅವನಿಗೆ ಹೇಳಿದರೆ ನನ್ನೆದುರು ನಿಂತು ಬಾಯಾಡಿಸುತ್ತಾನೆ. ಮೊದಲ ಬಸ್ಸು ಹತ್ತಿದರೆ ಎರಡೂವರೆ ಗಂಟೆಯಲ್ಲಿ ಮೀನಂಗಡಿ. ನನ್ನ ಆಧಾರ್ ಕಾಪಿ ಅಕ್ಕಿ ಡಬ್ಬದ ಕೆಳಗಿದೆ.

ನಿಂಗಮ್ಮ


ಮೀನಂಗಡಿ
3 ಮಾರ್ಚ್ 2025

ನಿಂಗಕ್ಕಾ,

ಇಲ್ಲಿ ಕ್ಷೇಮ ಅಂತ ಮೊದಲ ಸಾಲಿನಲ್ಲಿ ಬರೆಯಬೇಕು ಅಂತ ಬೈರಕುಪ್ಪೆಯ ಮೇಷ್ಟ್ರು ಹೇಳಿಕೊಟ್ಟಿದ್ದರು. ಬರೆದಿದ್ದೇನೆ ಅಂತ ತಿಳಿದುಕೋ.

ಹೋದ ವಾರ ಕಣ ಒಡೆದರು. ಕಾಫಿ ಹರವುತ್ತಿದ್ದ ಅಷ್ಟು ದೊಡ್ಡ ಕಣ, ಒಂದು ಜೆಸಿಬಿಗೆ ಒಂದೂವರೆ ದಿನ. ಆಮೇಲೆ ನಾವು ಕೂರುತ್ತಿದ್ದ ಶೆಡ್ಡು. ಅದರ ಶೀಟು ತೆಗೆದಾಗ ಒಳಗೆ ಬಿಸಿಲು ಬಿತ್ತು, ಅಷ್ಟು ಬಿಸಿಲು ಆ ಜಾಗದಲ್ಲಿ ನಾನು ಯಾವತ್ತೂ ನೋಡಿರಲಿಲ್ಲ. ನಿನ್ನ ಜಾಗದ ನೆಲದಲ್ಲಿ ಮಣೆಯ ಗುರುತು ಹಾಗೇ ಇತ್ತು. ನನ್ನದೂ ಪಕ್ಕದಲ್ಲೇ ಇತ್ತು. ದುಃಖ ಆಗುತ್ತದೆ ಅಂತ ನಿಂತು ನೋಡಿದೆ. ಆಗಲಿಲ್ಲ. ಕಾಲು ನೋಯಿತು, ಬಂದುಬಿಟ್ಟೆ.

ಸೈರನ್ನನ್ನೂ ಇಳಿಸಿದರು. ಗೌಡರು ಜೈನರು, ಸೂರ್ಯ ಮುಳುಗುವ ಮುಂಚೆ ಮನೆಯಲ್ಲಿ ಊಟ ಮುಗಿಯಬೇಕು ಅಂತ ಅವರ ಅಪ್ಪನ ಕಾಲದಿಂದ ಐದೂವರೆಗೆ ಊದುತ್ತಿದ್ದರಲ್ಲ. ಗೌಡರು ಊಟಕ್ಕೆ ಕೂತರೆ ನಮ್ಮ ಪಾಡಿಯಲ್ಲಿ ಒಲೆ ಹಚ್ಚುತ್ತಿದ್ದರು. ಈಗ ನಾಲ್ಕನೇ ರೂಮಿನ ಮಲ್ಲಿಗಮ್ಮ ಏಳಕ್ಕೆ ಅನ್ನಕ್ಕಿಡುತ್ತಾಳೆ, ಇನ್ನೊಂದು ದಿನ ನಾಲ್ಕಕ್ಕೇ ಇಡುತ್ತಾಳೆ. ಮರದ ಮಿಲ್ಲು, ಮೆಣಸಿನ ಗೋದಾಮು ಎಲ್ಲ ಅದೇ ಕಂಪನಿಗೆ ಹೋಯಿತು, ಅಲ್ಲಿ ಕಾರು ನಿಲ್ಲಿಸುತ್ತಾರಂತೆ. ಪಾಡಿಯನ್ನು ಜೂನ್ ಕೊನೆಗೆ ಕೆಡವುತ್ತಾರಂತೆ.

ಪಟ್ಟಿ ಇನ್ನೂ ಬಂದಿಲ್ಲ. ಬಂದ ದಿನ ಸಿದ್ದೇಶನಿಗೆ ಫೋನ್ ಮಾಡುತ್ತೇನೆ. ನನ್ನ ಗಂಡ ತೀರಿಕೊಂಡಾಗ ಅರ್ಧ ಚಾಪೆ ನಿನ್ನದು ಅಂತ ಕರೆದುಕೊಂಡು ಬಂದವಳು ನೀನು. ನಾನು ಮರೆಯುತ್ತೇನಾ.

ನಿನ್ನ ಶ್ಯಾಮಳ


ಮೀನಂಗಡಿ
1 ಜೂನ್ 2025, ಭಾನುವಾರ

ನಿಂಗಕ್ಕಾ,

ಈ ಕಾಗದ ಅಂಚೆಗೆ ಹಾಕುತ್ತೇನೋ ಇಲ್ಲವೋ ಗೊತ್ತಿಲ್ಲ. ಬರೆಯುತ್ತೇನೆ.

ಪಟ್ಟಿ ಬಂತು. ಹತ್ತು ದಿನ ಆಯಿತು. ಕೂಲಿಯವರನ್ನು ಒದಗಿಸುವ ಕಂಟ್ರಾಕ್ಟಿನ ರಂಜಿತ್ ಅನ್ನುವವನು ಗುರುವಾರ ಪಾಡಿಗೆ ಬಂದು ರೂಮು ರೂಮಿಗೂ ಹೆಸರು ಓದಿದ. ಆರನೇ ರೂಮು, ನಿಂಗಮ್ಮ. ಅವಳು ಗುಂಡ್ಲುಪೇಟೆಯಲ್ಲಿದ್ದಾಳೆ ಅಂದೆ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಯಾರೂ ಬರದಿದ್ದರೆ ಹೆಸರು ಹೊಡೆದು ಹಾಕುತ್ತೇನೆ ಅಂದ. ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಕಾರ್ಡಿನ ಕಾಪಿ ಇದ್ದರೆ ತಗೊಂಡು ನೀವೇ ಬನ್ನಿ ಚೇಚಿ ಅಂದ. ಫೋಟೋ ನೋಡಿದರೆ ತಿಳಿಯುವುದಿಲ್ಲವಾ ಅಂತ ಕೇಳಿದೆ. ಆಧಾರಿನ ಫೋಟೋದಲ್ಲಿ ಎಲ್ಲರೂ ಒಂದೇ ಥರ ಇರುತ್ತಾರೆ ಅಂದ.

ಗುರುವಾರ, ಶುಕ್ರವಾರ, ಶನಿವಾರ, ಭಾನುವಾರ. ಸಿದ್ದೇಶನ ನಂಬರ್ ಗೋಡೆಯ ಮೇಲೇ ಬರೆದುಕೊಂಡಿದ್ದೆ. ಶುಕ್ರವಾರ ಫೋನ್ ಕೈಗೆ ತೆಗೆದುಕೊಂಡೆ. ಅಕ್ಕಿ ತೊಳೆಯುವುದಿತ್ತು, ತೊಳೆದೆ. ಆಮೇಲೆ ಬಟ್ಟೆ ಇತ್ತು. ಪಾಡಿ ಕೆಡವಿದರೆ ನೀನು ತಂಗಿ ಮನೆಯಲ್ಲಿರುತ್ತೀಯ, ನಾನೆಲ್ಲಿ ಅಂತ ಒಂದೇ ಯೋಚನೆ. ಅದು ಯೋಚನೆಯೂ ಅಲ್ಲ. ಸೋಮವಾರ ಏಳೂವರೆಗೆ ತಲೆ ಬಾಚಿಕೊಂಡು ಹೋದೆ.

ಎದೆಯ ಮೇಲೆ ಪಿನ್ನಿನ ಪಟ್ಟಿ ಕೊಟ್ಟಿದ್ದಾರೆ, ಬ್ಯಾಡ್ಜು. ಅದರಲ್ಲಿ ನಿನ್ನ ಹೆಸರಿದೆ. ನಮಗೆ ಬೆರಳು ಒತ್ತುವುದೆಲ್ಲ ಇಲ್ಲ, ರಂಜಿತನ ಪುಸ್ತಕದಲ್ಲಿ ಒಂದು ಗೀಟು ಅಷ್ಟೆ. ಅಂಗಡಿ ತೆರೆಯುವವರೆಗೆ ಹೊಸ ಕಟ್ಟಡದಲ್ಲಿ ಗುಡಿಸಿ ಒರೆಸುವ ಕೆಲಸ. ಮೊದಲ ದಿನ ಕರೆದಾಗ ನಾನು ತಿರುಗಲಿಲ್ಲ. ಮೂರನೇ ದಿನಕ್ಕೆ ತಿರುಗಿದೆ. ಮಲ್ಲಿಗಮ್ಮ ಅಲ್ಲೇ ಇದ್ದಳು. ಮುಖ ಆಚೆ ತಿರುಗಿಸಿಕೊಂಡಳು.

ನಾನು ನಿನಗೆ ದ್ರೋಹ ಮಾಡಿದ್ದೇನೆ. ಬರೆದರೆ ಏನಾದರೂ ಆಗುತ್ತದೆ ಅಂದುಕೊಂಡಿದ್ದೆ. ಏನೂ ಆಗುತ್ತಿಲ್ಲ.

ಹಾಕುವುದಿಲ್ಲ. ಅಕ್ಕಿ ಡಬ್ಬದ ಕೆಳಗೆ, ನಿನ್ನ ಕಾರ್ಡಿದ್ದ ಜಾಗದಲ್ಲಿ ಇಡುತ್ತೇನೆ.


ಮೀನಂಗಡಿ
3 ಜೂನ್ 2025

ನಿಂಗಕ್ಕಾ,

ಪಟ್ಟಿಯ ಸುದ್ದಿ ಇನ್ನೂ ಏನೂ ಇಲ್ಲ. ದೊಡ್ಡ ಕಂಪನಿ, ಎಲ್ಲ ನಿಧಾನ. ನೀನು ಅವಸರ ಮಾಡಿಕೊಂಡು ಬರಬೇಡ, ಚಾಮುಂಡಕ್ಕನನ್ನು ಚೆನ್ನಾಗಿ ನೋಡಿಕೋ. ಮಳೆ ಶುರುವಾಗಿದೆ. ನಾನು ಈ ತಿಂಗಳ ಕೊನೆಗೆ ಚರ್ಚಿನ ಹಿಂದೆ ಒಂದು ಬಾಡಿಗೆ ರೂಮಿಗೆ ಹೋಗುತ್ತೇನೆ, ಹೊಸ ವಿಳಾಸ ಹಿಂದೆ ಬರೆದಿದ್ದೇನೆ. ನಿನ್ನ ಟ್ರಂಕು, ಮಣೆ ಎರಡೂ ಜೊತೆಗೆ ಒಯ್ಯುತ್ತೇನೆ.

ಶ್ಯಾಮಳ


ಗುಂಡ್ಲುಪೇಟೆ
20 ಜೂನ್ 2025

ಶ್ಯಾಮಳಾ,

ಕಾಗದ ಬಂತು. ಎಷ್ಟು ಚಿಕ್ಕ ಕಾಗದ, ಇದಕ್ಕಿಂತ ಉದ್ದ ನೀನು ಒಂದು ಆಕಳಿಕೆಯ ಬಗ್ಗೆ ಮಾತಾಡುತ್ತೀಯ. ಬಾಡಿಗೆ ರೂಮು ಹೇಗೆ ಹಿಡಿದೆ ಅಂತ ಬರೆದಿಲ್ಲ. ಎಲ್ಲಾದರೂ ತೋಟದ ಕೆಲಸ ಸಿಕ್ಕಿರಬೇಕು ಅಂತ ಸಮಾಧಾನ ಮಾಡಿಕೊಂಡೆ. ವೆಳ್ಳಮುಂಡದ ಕಡೆ ಮೆಣಸಿನ ಬಳ್ಳಿ ಕೆಲಸಕ್ಕೆ ಹೆಂಗಸರನ್ನು ಕರೆಯುತ್ತಾರಂತಲ್ಲ. ನಿನಗೂ ಏನಾದರೂ ಒಂದು ಆಗಲಿ.

ಚಾಮುಂಡಿ ಚೆನ್ನಾಗಿದ್ದಾಳೆ. ಕೋಲು ಹಿಡಿದು ಬಾಗಿಲವರೆಗೆ ಬರುತ್ತಾಳೆ. ನನ್ನ ಬಗ್ಗೆ ಚಿಂತೆ ಬೇಡ.

ಇಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಕರೆದರೂ ಕೇಳುವುದಿಲ್ಲ ಅಂತ ತಿಳಿದು ಬಿಟ್ಟುಬಿಟ್ಟಿದ್ದಾರೆ. ಭುಜ ತಟ್ಟುತ್ತಾರೆ. ಅಂಗಡಿಯಲ್ಲಿ ಕೆಲಸ ಸಿಕ್ಕಿದರೆ ಎದೆಗೆ ಚುಚ್ಚಿಕೊಳ್ಳುವ ಹೆಸರಿನ ಪಟ್ಟಿ ಕೊಡುತ್ತಾರಾ? ಮೈಸೂರಿನ ಅಂಗಡಿಗಳಲ್ಲಿ ನೋಡಿದ್ದೇನೆ. ಹಾಕಿಕೊಂಡರೆ ಚೆನ್ನಾಗಿರುತ್ತದೆ. ಬೇಗ ಪಟ್ಟಿ ಬರಲಿ.

ನಿಂಗಮ್ಮ


ಮೀನಂಗಡಿ
24 ಆಗಸ್ಟ್ 2025

ನಿಂಗಕ್ಕಾ,

ಎರಡು ತಿಂಗಳು ಬರೆಯಲಿಲ್ಲ, ಬೈಯಬೇಡ. ಮಳೆ, ಜ್ವರ, ಅದು ಇದು.

ಅಂಗಡಿ ಹತ್ತು ದಿನದ ಹಿಂದೆ ತೆರೆಯಿತು. ನಾನೂ ನೋಡಲು ಹೋಗಿದ್ದೆ. ಬತ್ತೇರಿಯಿಂದ, ಪನಮರದಿಂದ ಎಲ್ಲ ಜನ. ಒಳಗೆ ತಣ್ಣಗೆ ಇರುತ್ತದೆ, ಮಧ್ಯಾಹ್ನದ ಹೊತ್ತಿಗೆ ಮೊಣಕಾಲು ಹಿಡಿದುಕೊಳ್ಳುತ್ತದೆ. ಮಿಷನ್ನಿದ್ದ ಜಾಗದಲ್ಲಿ ತಳ್ಳುಗಾಡಿಗಳು ನಿಂತಿವೆ. ನಾವು ಕೂರುತ್ತಿದ್ದ ಕಡೆ ಅಕ್ಕಿ ಬೇಳೆಯ ತೊಟ್ಟಿಗಳು, ಬೇಕಾದಷ್ಟು ತುಂಬಿಕೊಳ್ಳುವುದು. ಗೌಡರೂ ಬಂದಿದ್ದರು. ಖಾಲಿ ಗಾಡಿ ತಳ್ಳಿಕೊಂಡು ಒಂದು ಸುತ್ತು ಬಂದು, ಐದೂವರೆಗೆ ಗಡಿಯಾರ ನೋಡಿ ಮನೆಗೆ ಹೋದರು.

ಒಂದು ತಮಾಷೆ ಕೇಳು. ಪಟ್ಟಿಯಲ್ಲಿ ಮೊದಲು ಮಲ್ಲಿಗಮ್ಮನನ್ನು ಮಾತ್ರ ತೆಗೆದುಕೊಂಡಿದ್ದಾರೆ, ಬೇರೆಯವರದು ಆಮೇಲಂತೆ. ಅವಳನ್ನು ತೊಗರಿಬೇಳೆ ತೊಟ್ಟಿಯ ಹತ್ತಿರ ನಿಲ್ಲಿಸಿದ್ದರು. ತೊಟ್ಟಿ ಖಾಲಿಯಾದಂತೆ ಚೀಲದಿಂದ ತುಂಬಬೇಕು, ಅಷ್ಟೇ ಕೆಲಸ. ಇವಳ ಕೈ ಸುಮ್ಮನಿರಬೇಕಲ್ಲ. ಬೇಳೆ ಆರಿಸಲು ಶುರು ಮಾಡಿದ್ದಾಳೆ. ಕಪ್ಪು ಒಂದು ಕಡೆ, ಒಡಕು ಒಂದು ಕಡೆ, ಹುಳು ಹಿಡಿದದ್ದು ಒಂದು ಕಡೆ, ಎಡಗೈ ಪಕ್ಕದಲ್ಲಿ ಮೂರು ಗುಡ್ಡೆ ಸಾಲಾಗಿ. ಆರಿಸಿದ ಬೇಳೆ ಅಂತ ಗೊತ್ತಾಗಿ ಹೆಂಗಸರೆಲ್ಲ ಅವಳ ಮುಂದೆ ಸಾಲು ನಿಂತರಂತೆ, ಪಕ್ಕದ ತೊಟ್ಟಿಯ ಬೇಳೆ ಒಬ್ಬರೂ ಮುಟ್ಟಲಿಲ್ಲ. ಮೇಲ್ವಿಚಾರಕಿ ದೀಪ್ತಿ ಬಂದು ನೋಡಿದರೆ ಒಂದು ಚೀಲ ಬೇಳೆ ಗುಡ್ಡೆಯಾಗಿ ಬಿದ್ದಿದೆ. ಯಾರಿಗೆ ಮಾರುವುದು ಇದನ್ನು ಅಂತ ಎಲ್ಲರೆದುರು ಬೈದು, ಎಚ್ಚರಿಕೆಯ ಕಾಗದ ಕೊಟ್ಟಳು. ಇನ್ನೊಂದು ಸಲ ಹೀಗಾದರೆ ಮನೆಗೆ ಅಂತ.

ಅವಳಿಗೆ ತಾನು ಆರಿಸುತ್ತಿದ್ದೇನೆ ಅಂತಲೇ ಗೊತ್ತಿರಲಿಲ್ಲವಂತೆ. ಕೈ ಮಾಡಿತು ಅಂದಳು.

ನಿನ್ನ ಹೆಸರು ಮುಂದಿನ ಪಟ್ಟಿಯಲ್ಲಿ ಬರಬಹುದು. ಓಣಂ ಕಳೆಯಲಿ. ಅವಸರ ಬೇಡ.

ಶ್ಯಾಮಳ


ಗುಂಡ್ಲುಪೇಟೆ
7 ಸೆಪ್ಟೆಂಬರ್ 2025

ಶ್ಯಾಮಳಾ,

ಮಲ್ಲಿಗಮ್ಮ ಬೀಜ ಆರಿಸಿದವಳಲ್ಲ. ಅವಳು ಕೊನೆಯವರೆಗೂ ಚೀಲ ಹೊಲಿದವಳು. ಎಡಗೈ ಪಕ್ಕ ಮೂರು ಗುಡ್ಡೆ ಹಾಕುವುದು ಅವಳಿಗೆ ಯಾರು ಹೇಳಿಕೊಟ್ಟರು? ಮೇಸ್ತ್ರಿಗೆ ಒಂದೇ ನೋಟಕ್ಕೆ ಕಾಣಲಿ ಅಂತ ನಾವು ಬೀಜ ಆರಿಸುವವರು ಮಾತ್ರ ಹಾಗೆ ಇಡುತ್ತಿದ್ದದ್ದು. ನಿನಗೆ ಅದನ್ನು ಹೇಳಿಕೊಟ್ಟವಳು ನಾನು. ನಿನ್ನ ಕಾಗದ ಎರಡು ಸಲ ಓದಿದೆ. ಮಂಗಳವಾರ ಮೊದಲ ಬಸ್ಸು ಹತ್ತಿದೆ.

ಅಂಗಡಿ ದೊಡ್ಡದು. ಓಣಂ ಜನ. ನನ್ನನ್ನು ಯಾರೂ ತಡೆಯಲಿಲ್ಲ, ಒಂದು ಗಾಡಿ ಹಿಡಿದುಕೊಂಡೆ, ಬೀಳಬಾರದು ಅಂತ. ಶೆಡ್ಡಿನ ಬಾಗಿಲು ಎಲ್ಲಿತ್ತು, ಕಂಬ ಎಲ್ಲಿತ್ತು ಅಂತ ಹೆಜ್ಜೆ ಎಣಿಸಿಕೊಂಡು ನಮ್ಮ ಜಾಗಕ್ಕೆ ಬಂದೆ. ನೀನು ಸರಿಯಾಗಿ ನನ್ನ ಜಾಗದಲ್ಲೇ ನಿಂತಿದ್ದೆ. ಹಸಿರು ಕೋಟು. ಎದೆಯ ಮೇಲೆ ಪಟ್ಟಿ.

ನನಗೆ ಮಲಯಾಳ ಓದಲು ಬರುವುದಿಲ್ಲ ಅಂತ ನಿನಗೆ ಗೊತ್ತು. ಆದರೆ ಒಂದು ಹೆಸರು ಮಾತ್ರ ಓದುತ್ತೇನೆ. ಶನಿವಾರ ಶನಿವಾರ ಹಾಜರಿ ಪುಸ್ತಕದಲ್ಲಿ ಎಲ್ಲಿ ಸಹಿ ಹಾಕಬೇಕು ಅಂತ ಹುಡುಕಿ ಹುಡುಕಿ ಆ ಅಕ್ಷರದ ಆಕಾರ ಕಣ್ಣಿಗೆ ಕೂತಿದೆ.

ಆಗ ಆ ದೀಪ್ತಿ ಇರಬೇಕು, ಆಚೆಯಿಂದ ಕರೆದಳು. ಕೇಳಲಿಲ್ಲ, ಅವಳ ಬಾಯಿ ಕಂಡಿತು. ನಿಂಗಮ್ಮ ಅಂದಳು. ನಾನು ಕೈ ಎತ್ತಲು ಹೋದೆ. ಅಷ್ಟರಲ್ಲಿ ನೀನು ತಿರುಗಿದೆ.

ಗಾಡಿ ಅಲ್ಲೇ ಬಿಟ್ಟು ಹೊರಗೆ ಬಂದೆ. ಕೋಪ ಬರುತ್ತದೆ ಅಂತ ಬಸ್ಸಿನಲ್ಲಿ ಕಾದೆ. ಬತ್ತೇರಿ ಬಂತು, ಮುತ್ತಂಗ ಬಂತು, ಕೋಪ ಬರಲಿಲ್ಲ. ಗುಂಡ್ಲುಪೇಟೆಯಲ್ಲಿ ಇಳಿದು ಟೀ ಕುಡಿದೆ. ನೋವಾಗಿದೆ, ಆಗಿಲ್ಲ ಅನ್ನುವುದಿಲ್ಲ. ಬಹಳ ಹೊತ್ತು ಕೂತು ಕಾಲು ಜೋಮು ಹಿಡಿದಾಗ ಹೇಗೋ ಹಾಗೆ, ಇದೆ ಅಂತ ಗೊತ್ತು, ಮುಟ್ಟಿದರೆ ತಿಳಿಯುವುದಿಲ್ಲ.

ನಾನೂ ನಿನಗೊಂದು ಸುಳ್ಳು ಬರೆದಿದ್ದೇನೆ. ಚಾಮುಂಡಿ ಜೂನ್ ಎಂಟಕ್ಕೆ ಹೋದಳು. ಬೆಳಿಗ್ಗೆ ಕಾಫಿ ಕೊಡಲು ಹೋದರೆ ಇರಲಿಲ್ಲ. ಅವಳು ಚೆನ್ನಾಗಿದ್ದಾಳೆ ಅಂತ ನಾನು ಬರೆದದ್ದು ಹನ್ನೆರಡು ದಿನ ಆದ ಮೇಲೆ. ನಿಜ ಬರೆದಿದ್ದರೆ ಬಂದುಬಿಡು ಅಂತ ನೀನು ಬರೆಯುತ್ತಿದ್ದೆ, ನಿನ್ನ ಹೊಸ ರೂಮಿನಲ್ಲಿ ಜಾಗ ಎಷ್ಟಿದೆಯೋ ಅಂತ ಸುಮ್ಮನಾದೆ. ಕೆಲಸದ ಪಟ್ಟಿ ಬಂದ ಮೇಲೆ ತಲೆ ಎತ್ತಿಕೊಂಡು ಬರೋಣ ಅಂತ ಇತ್ತು. ಮಾಲೀಕರು ಮನೆ ಬಿಡಿಸಿದರು. ಎರಡು ತಿಂಗಳಿಂದ ಸಿದ್ದೇಶನ ಹೂವಿನ ಗೋದಾಮಿನ ಮೂಲೆಯಲ್ಲಿ ಮಲಗುತ್ತೇನೆ. ಚೆಂಡುಹೂವಿನ ವಾಸನೆಗೆ ಮೂಗು ಸತ್ತುಹೋಗಿದೆ. ಕಿವಿ ಮೊದಲೇ ಹೋಗಿತ್ತು.

ಅವಸರ ಬೇಡ ಅಂತ ನೀನು ಎರಡು ಸಲ ಬರೆದಿದ್ದೀಯ. ಎರಡೂ ಸಲ ನಾನು ನಂಬಿದೆ.

ನಿಂಗಮ್ಮ


ಮೀನಂಗಡಿ
14 ಸೆಪ್ಟೆಂಬರ್ 2025

ನಿಂಗಕ್ಕಾ,

ಇದರ ಜೊತೆ ಒಂದು ಹಳೆಯ ಕಾಗದ ಇಟ್ಟಿದ್ದೇನೆ. ಜೂನ್ ಒಂದರದು. ಬರೆದು ಹಾಕದೆ ಇಟ್ಟಿದ್ದೆ. ಮೊದಲು ಅದನ್ನು ಓದು.

ಓದಿದೆಯಾ. ಇನ್ನು ಹೇಳಲು ನನ್ನ ಹತ್ತಿರ ಬೇರೆ ಏನೂ ಇಲ್ಲ. ತಪ್ಪಾಯಿತು ಅನ್ನುವುದು ಬಹಳ ಸಣ್ಣದು. ಚಾಮುಂಡಕ್ಕ ಹೋದ ಸುದ್ದಿ ಓದಿದಾಗ ನನಗೆ ಮೊದಲು ಬಂದ ಯೋಚನೆ ಏನು ಗೊತ್ತಾ, ಅಯ್ಯೋ ಇನ್ನು ಇವಳು ಬರುತ್ತಾಳೆ ಅಂತ. ಎರಡನೆಯದಾಗಿ ಅಳು ಬಂತು. ಬಂದ ಕ್ರಮದಲ್ಲೇ ಹಾಗೇ ಬರೆದಿದ್ದೇನೆ, ನಿನಗೆ ಇನ್ನು ಸುಳ್ಳು ಬರೆಯಬಾರದು ಅಂತ.

ನಿನ್ನ ಕಾಗದ ಬಂದ ಮಾರನೆಯ ದಿನ ದೀಪ್ತಿಯ ಹತ್ತಿರ ಹೋದೆ. ಅವಳು ಲೆಕ್ಕದ ಮಿಷನ್ ಒತ್ತುತ್ತಾ ಕೂತಿದ್ದಳು. ನಾನು ನಿಂಗಮ್ಮ ಅಲ್ಲ, ನಿಂಗಮ್ಮ ಗುಂಡ್ಲುಪೇಟೆಯಲ್ಲಿದ್ದಾಳೆ, ಇದು ಅವಳ ಕೆಲಸ, ನನ್ನ ಹೆಸರು ಶ್ಯಾಮಳ ಅಂದೆ. ಪೊಲೀಸರನ್ನು ಕರೆಯುತ್ತಾಳೆ ಅಂತಲೇ ಹೋದದ್ದು. ಅವಳು ತಲೆ ಎತ್ತಲಿಲ್ಲ.

"ಚೇಚಿ, ಆ ಬ್ಯಾಡ್ಜು ಹಾಕಿಕೊಂಡು ಬಂದವರು ನಮಗೆ ನಿಂಗಮ್ಮ. ಮಿಕ್ಕದ್ದು ರಂಜಿತನನ್ನು ಕೇಳಿ. ಹೋಗಿ, ಈರುಳ್ಳಿ ಖಾಲಿಯಾಗಿದೆ."

ಹೋಗಿ ಈರುಳ್ಳಿ ತುಂಬಿದೆ.

ರಂಜಿತನನ್ನು ಕೇಳಿದೆ. ಒಂದು ಹೆಸರು, ಒಂದು ಆಳು, ಯಾರಾದರೇನು ಅಂದ. ಎಂಟು ಗಂಟೆಗೆ ಒಬ್ಬರು ನಿಂತಿರಬೇಕು, ಅಷ್ಟೇ ತನಗೆ ಬೇಕಾದ್ದು ಅಂದ. ನಾಲ್ಕು ತಿಂಗಳು ನಿನ್ನ ಹೆಸರನ್ನು ಕದ್ದಿದ್ದೇನೆ ಅಂತ ಬೇಯುತ್ತಿದ್ದೆ. ಇಲ್ಲಿ ಅದನ್ನು ಕಳೆದುಕೊಂಡವರೂ ಇಲ್ಲ, ಹುಡುಕುವವರೂ ಇಲ್ಲ.

ಕೆಲಸ ನಿನ್ನದು. ನೀನು ಬಂದು ಪೂರ್ತಿ ತೆಗೆದುಕೊಂಡರೂ ನಾನು ಬಾಯಿ ಬಿಡುವುದಿಲ್ಲ. ಇಲ್ಲ, ಹಂಚಿಕೊಳ್ಳೋಣ ಅಂದರೆ ಹಾಗೆ. ಸೋಮ ಮಂಗಳ ಬುಧ ನೀನು, ಉಳಿದ ಮೂರು ದಿನ ನಾನು. ಕೋಟು ಇಬ್ಬರಿಗೂ ಆಗುತ್ತದೆ. ಕರೆದದ್ದು ಕೇಳುವುದಿಲ್ಲವಲ್ಲ ಅಂತ ಹೆದರಬೇಡ, ಅಲ್ಲಿ ಯಾರೂ ಉತ್ತರಕ್ಕೆ ಕಾಯುವುದಿಲ್ಲ.

ರೂಮಿನಲ್ಲಿ ಗೋಡೆಯ ಕಡೆ ನಿನ್ನ ಚಾಪೆ ಹಾಸಿದ್ದೇನೆ. ನಿನ್ನ ಮಣೆಯೂ ಅಲ್ಲೇ ಇದೆ. ಬ್ಯಾಡ್ಜು ಮೊಳೆಗೆ ತಗುಲಿಹಾಕಿದ್ದೇನೆ, ಕೆಲಸಕ್ಕೆ ಹೋಗುವಾಗ ಮಾತ್ರ ತೆಗೆಯುತ್ತೇನೆ.

ನೀನು ಬರದಿದ್ದರೂ ಕಾಗದ ಬರಿ. ಬೈದು ಬರಿ.

ಶ್ಯಾಮಳ


ಗುಂಡ್ಲುಪೇಟೆ
22 ಸೆಪ್ಟೆಂಬರ್ 2025
(ಅಂಚೆ ಕಾರ್ಡು)

ಶ್ಯಾಮಳಾ,

ಬೈಯಲು ಕಾರ್ಡಿನಲ್ಲಿ ಜಾಗ ಇಲ್ಲ. ಎದುರಿಗೆ ಕೂರಿಸಿಕೊಂಡು ಬೈಯುತ್ತೇನೆ, ನಿನ್ನ ಮುಖ ಕಾಣಬೇಕು. ಭಾನುವಾರ ಬರುತ್ತೇನೆ. ಸೋಮವಾರ ನನ್ನದು.

ಒಂದು ವಿಷಯ ನೀನು ಯೋಚಿಸಿಲ್ಲ. ಹೆಸರಿನ ಜೊತೆ ನನ್ನ ವಯಸ್ಸನ್ನೂ ತೆಗೆದುಕೊಂಡಿದ್ದೀಯ. ನಿನಗೆ ಈಗ ನಲವತ್ತೆಂಟು. ಆದರೆ 2027ರ ಮೇ ಮೂವತ್ತೊಂದಕ್ಕೆ ಆ ಹೆಸರಿಗೆ ಅರವತ್ತಾಗುತ್ತದೆ. ಅಲ್ಲಿಯವರೆಗೆ ಇಬ್ಬರಿಗೂ ಇದೆ. ಮಾರನೆಯ ದಿನದಿಂದ ಇಬ್ಬರಿಗೂ ಇಲ್ಲ.

ಅಷ್ಟರವರೆಗೆ ಬೇಳೆ ಮುಟ್ಟಬೇಡ.

ನಿಂಗಮ್ಮ